ಕಟ್ಟೆ ಏರಿದ ಶಿಷ್ಯ

ಮಲಪ್ರಭೆಯ ದಂಡೆಯ ಮೇಲೆ ಅಡವಯ್ಯಜ್ಜ ಎಂಬ ಗುರುಗಳಿದ್ದರು. ತತ್ವಪದ ಹಾಡುವುದನ್ನು ಕಲಿಸುತ್ತಿದ್ದರು. ಮಹಾ ಸಿಟ್ಟಿನ ಮನುಷ್ಯ. ಗುರುಗಳಿಗೆ ಸಿಟ್ಟೇ ಬರುವುದಿಲ್ಲ ಎನ್ನುವುದೆಲ್ಲ ದೂರದಿಂದ ಕೈಮುಗಿದು ಹೋಗುವವರ ಮಾತು. ಹತ್ತಿರ ಇದ್ದವರನ್ನು ಕೇಳಿ ನೋಡಿ.

ಅಜ್ಜ ಪುರಾಣ ಹೇಳಲು ಪಕ್ಕದ ಊರಿಗೆ ಹೋಗಿದ್ದಾಗ ಆಶ್ರಮದಲ್ಲಿ ಗದ್ದಲವೆದ್ದಿತು. ‘ಅಜ್ಜಾರು ನನ್ನನ್ನು ಬಡಿದರು’ ಎಂದು ನೀಲವ್ವ ಎಂಬ ಶಿಷ್ಯೆ ಹೇಳಿದ್ದಳು.

ಹಿರಿಯ ಶಿಷ್ಯ ಮುರಿಗೆಪ್ಪ ಅವಳ ಗಂಟನ್ನು ಎತ್ತಿ ಬಾಗಿಲಾಚೆ ಎಸೆದ. ಊರವರು ಕೆಲವರು, ಇಂಥ ಗುರು ನಮ್ಮ ದಂಡೆಗೇ ಬೇಡ, ಓಡಿಸಬೇಕು ಎಂದರು. ಬಾಯಿಗೆ ಬಂದದ್ದೇ ಮಾತು!

ಅಜ್ಜ ಮರಳಿ ಬಂದಾಗ ನೀಲವ್ವ ಹೊರಗಿನ ಬೇವಿನ ಮರದ ಕೆಳಗೆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅಪ್ಪ ಸತ್ತ ಮೇಲೆ ಅವಳಿಗೆ ಹೋಗಲು ಬೇರೆ ಮನೆಯಿರಲಿಲ್ಲ.

“ಈಕೀ ಯಾಕ ಹೊರಗ ಕುಂತಾಳ?” ಎಂದು ಅಜ್ಜ ಕೇಳಿದರು.

ಮುರಿಗೆಪ್ಪ ಎಲ್ಲವನ್ನೂ ಹೇಳಿದ. “ಉಂಡ ಮನಿ ಜಂತಿ ಎಣಸಾಕಿರೀ ಇಕಿ. ನಾನ ಹೊರಗ ಹಾಕೇನಿ.”

“ಆಕೀನ್ನ ಕೂಡ್ಸಿ ಕೇಳಿದೇನು?”

“ಸುಳ್ಳುಬುರುಕಿನ್ನ ಕೇಳೋದೇನ್ರಿ?”

“ಹೋಗ್ಲಿ. ನಾ ಬಂದ ಮ್ಯಾಲ ನನ್ನ ಕೇಳೋಣು ಅಂತನೂ ಅನಸಲಿಲ್ಲೇನು?”

“ಅಯ್ಯ ಅಜ್ಜಾರ! ನಿಮ್ಮನ್ನ ಕೇಳಿದ್ರ ನನ್ನ ನಾಲಿಗಿ ಸೇದಿಹೋದೀತು.”

ಅಜ್ಜ ಹೊಳೆಯ ಕಡೆ ನಡೆದರು. ಮುರಿಗೆಪ್ಪನನ್ನೂ ನೀಲವ್ವನನ್ನೂ ಕರೆದರು.

ಹೊಳೆಯ ದಂಡೆಯಲ್ಲಿ ಒಂದು ಕಲ್ಲುಕಟ್ಟೆಯಿತ್ತು. ಶಿಷ್ಯರಲ್ಲಿ ಜಗಳವಾದರೆ ಅಜ್ಜ ಅದರ ಮೇಲೆ ಕೂತು ಕೇಳುತ್ತಿದ್ದರು. ಜಗಳವಾಡಿದವರು ಕೆಳಗೆ ಉಸುಕಿನಲ್ಲಿ ಕೂರಬೇಕು. ಅದು ಅಲ್ಲಿಯ ಪದ್ಧತಿ.

ಅಂದು ಅಜ್ಜ ಹೋಗಿ ಉಸುಕಿನಲ್ಲಿ ಕೂತರು, ನೀಲವ್ವನ ಪಕ್ಕದಲ್ಲಿ.

“ಮುರಿಗೆಪ್ಪ, ಕಟ್ಟಿ ಮ್ಯಾಲ ಕೂಡು.”

“ಶಿವ ಶಿವಾ! ನೀವು ಕೆಳಗ, ನಾ ಮ್ಯಾಲ?”

“ಆಕೀ ಗಂಟು ಒಗಿಯೋವಾಗ ನೀ ಏರಿದ್ದಿ ಅಲ್ಲ, ಅದ ಕಟ್ಟಿ ಇದು. ಕೂಡು.”

ಮುರಿಗೆಪ್ಪ ಅಜ್ಜನ ಪಾದ ಮುಟ್ಟಲು ಬಗ್ಗಿದ. ಅಜ್ಜ ಕಾಲು ಹಿಂದಕ್ಕೆಳೆದುಕೊಂಡರು.

“ಇವತ್ತ ಬ್ಯಾಡ. ಕಾಲು ಮುಟ್ಟಿದ ಕೈಲೆ ತಕ್ಕಡಿ ಹಿಡಿಬ್ಯಾಡ.”

ಮುರಿಗೆಪ್ಪ ಕೂತ. ಮುಳ್ಳಿನ ಮೇಲೆ ಕೂತಂತೆ ಕೂತ. ಗಂಟಲು ಸರಿ ಮಾಡಿಕೊಂಡು ನೀಲವ್ವನತ್ತ ತಿರುಗಿದ.

“ಹೇಳು. ಅಜ್ಜಾರು ನಿನ್ನ ಎಲ್ಲಿ ಬಡದ್ರು?”

ನೀಲವ್ವ ತಲೆ ತಗ್ಗಿಸಿದಳು.

“ಬಡೀಲಿಲ್ಲ” ಎಂದಳು.

ಮುರಿಗೆಪ್ಪ ಕಟ್ಟೆಯಿಂದ ಜಿಗಿದೇ ಬಿಡುತ್ತಿದ್ದ. “ನೋಡಿದ್ರಿ ಅಜ್ಜಾರ? ನಾ ಹೇಳಲಿಲ್ಲ?”

“ಇನ್ನೂ ಕೇಳು” ಎಂದರು ಅಜ್ಜ. “ಅರ್ಧಕ್ಕ ಏಳಬ್ಯಾಡ.”

“ಮತ್ತ ಯಾಕ ಹಂಗ ಅಂದಿ?” ಎಂದು ಮುರಿಗೆಪ್ಪ ಅವಳ ಮೇಲೆ ರೇಗಿದ.

ನೀಲವ್ವ ಗಂಟು ಬಿಚ್ಚಿದಳು. ಒಳಗೆ ಒಂದು ಏಕತಾರಿಯಿತ್ತು. ಸೋರೆಬುರುಡೆ ಸೀಳಿತ್ತು, ತಂತಿ ಹರಿದಿತ್ತು.

“ನಮ್ಮಪ್ಪ ಮಾಡಿದ್ದು ಇದು. ಅವನದು ಅಂತ ನನ್ನ ಹತ್ರ ಉಳದದ್ದು ಇದೊಂದ. ಅಜ್ಜಾರು ಇದನ್ನ ಮುರದ್ರು. ಮೊದಲ ನಿನಗ ಅದನ್ನ ಹೇಳಿದ್ದೆ ಮುರಿಗೆಪ್ಪಣ್ಣ. ನೆನಪೈತೇನು?”

ಮುರಿಗೆಪ್ಪ ಏಕತಾರಿಯಿಂದ ಕಣ್ಣು ತಿರುಗಿಸಿದ.

“ನೀ ನಕ್ಕಿ. ‘ಸೋರಿಬುರುಡಿ ಸಲುವಾಗಿ ಯಾರರ ಅಳತಾರೇನ ಹುಚ್ಚಿ’ ಅಂದಿ. ಬಡದ್ರು ಅಂದ ಮ್ಯಾಲ ನೀ ನಗೋದು ಬಿಟ್ಟಿ.”

ಹೇಳುತ್ತ ಹೇಳುತ್ತ ಅವಳು ಅತ್ತಳು. ಸುಳ್ಳು ಹೇಳಿದ್ದಕ್ಕೂ ಅತ್ತಳು, ಬುರುಡೆಗಾಗಿಯೂ ಅತ್ತಳು.

ಮುರಿಗೆಪ್ಪನಿಗೆ ಗುರುವನ್ನು ಕೇಳುವುದು ಬೆಂಕಿ ನುಂಗಿದಷ್ಟು ಕಷ್ಟವಾಯಿತು. ಆದರೂ ಕೇಳಿದ.

“ಅಜ್ಜಾರ... ಇದನ್ನ ನೀವು ಮುರದ್ರೇನ್ರಿ?”

“ಹೌದು. ಶ್ರುತಿ ತಪ್ಪಿದ್ಲು ಅಂತ ಸಿಟ್ಟು ನೆತ್ತಿಗೇರಿತು. ಕಸಗೊಂಡು ಮೆಟ್ಟಲಿಗೆ ಅಪ್ಪಳಿಸಿದೆ. ಆಮ್ಯಾಲ ಆಕೀಗೆ ಮಾರಿ ತೋರಸಾಕ ನಾಚಿಕಿ ಬಂದು ಅವತ್ತ ಪುರಾಣಕ್ಕ ಹೊಂಟುಬಿಟ್ಟೆ. ಅದೂ ತಪ್ಪ.”

ಹೊಳೆಯಲ್ಲಿ ಯಾರೋ ಎಮ್ಮೆ ತೊಳೆಯುತ್ತಿದ್ದರು. ಮುರಿಗೆಪ್ಪ ಅತ್ತಲೇ ನೋಡುತ್ತ ಕೂತ. ಕೊನೆಗೆ ತಗ್ಗಿದ ದನಿಯಲ್ಲಿ ಹೇಳಿದ.

“ಬಡದ್ರು ಅಂದದ್ದು ಸುಳ್ಳು ಅಂತ ನೀಲವ್ವ ಊರ ಮುಂದ ಹೇಳಬೇಕು. ಏಕತಾರಿ ಮುರದದ್ದು ಖರೇ ಅಂತ ಅಜ್ಜಾರು ಅಲ್ಲೇ ಹೇಳಬೇಕ್ರಿ. ಮತ್ತ ಹೊಸಾದೊಂದು ಮಾಡಿಕೊಡಬೇಕು.”

“ಹೊಸಾದು ನನಗ ಬ್ಯಾಡ” ಎಂದಳು ನೀಲವ್ವ. “ಇದನ್ನ ಹೊಲದು ಕೊಡ್ರಿ. ಶ್ರುತಿ ತಪ್ಪಿದ್ರ ತಪ್ಪಲಿ.”

“ಹೊಲದು ಕೊಡ್ತೇನವ್ವಾ” ಎಂದರು ಅಜ್ಜ. ಕೈ ಚಾಚಿ ಬುರುಡೆಯನ್ನು ಇಸಿದುಕೊಂಡರು.

“ಗಂಟು ಒಗದಾಂವಗೇನು?” ಎಂದು ನೀಲವ್ವ ಕಟ್ಟೆಯ ಕಡೆ ನೋಡಿದಳು.

ಮುರಿಗೆಪ್ಪ ಕೆಳಗಿಳಿದು ಬಂದು ಅವಳ ಗಂಟನ್ನು ಮತ್ತೆ ಕಟ್ಟಿ ತಲೆಯ ಮೇಲೆ ಹೊತ್ತುಕೊಂಡ.

ಮೂವರೂ ಆಶ್ರಮದ ಕಡೆ ನಡೆದರು. ಬಾಗಿಲು ಹತ್ತಿರ ಬಂದಾಗ ಮುರಿಗೆಪ್ಪನಿಗೆ ಉಸಿರು ಹಗುರಾಯಿತು.

“ಏನರ ಅನ್ರಿ ಅಜ್ಜಾರ, ನೀವು ಆಕೀನ್ನ ಬಡದಿಲ್ಲ ಅನ್ನೋದು ನನಗ ಮೊದಲಿಂದನೂ ಗೊತ್ತಿತ್ತು.”

ಅಜ್ಜ ನಿಂತರು. ಸೀಳಿದ ಬುರುಡೆಯನ್ನು ಎದೆಗೆ ಹಿಡಿದುಕೊಂಡೇ ಅವನತ್ತ ತಿರುಗಿದರು.

“ನಾ ಬಡದಿಲ್ಲ, ಅದು ಖರೇ. ಆದ್ರ ನಿನಗ ಗೊತ್ತಿರಲಿಲ್ಲ ಮುರಿಗೆಪ್ಪ. ಹಂಗ ಇರಲಿ ಅಂತ ನಿನಗ ಬೇಕಾಗಿತ್ತು, ಅಷ್ಟ.”