ಗಾದಿಲಿಂಗಪ್ಪನ ಎಡಮುಷ್ಟಿ

ಯಾವ ಕಾಲ ಅಂತ ಕೇಳಬೇಡಿ. ಉಪ್ಪು ಎತ್ತಿನ ಬೆನ್ನ ಮೇಲೆ ಬರುತ್ತಿದ್ದ ಕಾಲ. ಕಣಿವೆಯ ಬಾಯಲ್ಲಿ ಒಂದೂರು, ಆ ಊರಿಗೊಂದು ಗರಡಿ, ಗರಡಿಗೆ ಗಾದಿಲಿಂಗಪ್ಪ ವಸ್ತಾದ. ಹೇರೆತ್ತು ಹೊಡೆಯುವವರ ಮಕ್ಕಳಿಗೆ ದೊಣ್ಣೆವರಸೆ ಕಲಿಸುತ್ತಿದ್ದ. ಅವನು ದೊಣ್ಣೆ ತಿರುಗಿಸಿದರೆ ಮಳೆಹನಿ ಮೈಗೆ ತಾಕುತ್ತಿರಲಿಲ್ಲ ಅಂತಾರೆ. ಅದನ್ನು ನಾನು ನಂಬುವುದಿಲ್ಲ. ಮುಂದಿನದನ್ನು ನಂಬುತ್ತೇನೆ; ನಾನು ಅಂಗಡಿಯವನು, ಅದರಲ್ಲಿ ಸರಕಿನ ಮಾತಿದೆ.

ಅವನ ವರಸೆಯಲ್ಲಿ ದೊಣ್ಣೆ ಬಲಗೈಗಷ್ಟೇ. ಎಡಗೈ ಮುಷ್ಟಿ ಕಟ್ಟಿ ಸೊಂಟದ ಹಿಂದೆ. ಏನೇ ಆದರೂ ಬಿಚ್ಚುವಂತಿಲ್ಲ. ಒಂದು ಹೊಡೆತಕ್ಕೆ ಒಂದು ಹೆಜ್ಜೆ ಮುಂದೆ, ಹಿಂದೆ ಸರಿಯುವಂತಿಲ್ಲ. ಯಾಕೆ ಅಂತ ಕೇಳಿದರೆ, ನಮ್ಮಪ್ಪ ಹಿಂಗ ಕಲಿಸ್ಯಾನ ಅನ್ನುತ್ತಿದ್ದನಂತೆ. ಅವನಿಗೂ ಗೊತ್ತಿರಲಿಲ್ಲ ಅಂತಾರೆ.

ಶಿಷ್ಯರಲ್ಲಿ ಗಟ್ಟಿಗ ಎರ್ರಿಸ್ವಾಮಿ. "ವಸ್ತಾದ್ರಿಗೆ ಧೋತ್ರ ಜಾರೀತಂತ ಅಂಜಿಕಿ, ಅದಕ್ಕ ಹಿಡಕಂಡು ಕುಣೀತಾರ" ಎಂದು ಗರಡಿಯನ್ನೆಲ್ಲ ನಗಿಸುತ್ತಿದ್ದ. ವಸ್ತಾದ ಇಲ್ಲದಾಗ ಎರಡೂ ಕೈಯಲ್ಲಿ ದೊಣ್ಣೆ ಬೀಸುತ್ತಿದ್ದ.

ಒಂದು ವರ್ಷ, ಮಳೆಗೆ ಮುಂಚಿನ ಕಡೆಯ ಹೇರು. ಹಳ್ಳ ತುಂಬಿದರೆ ದಾರಿ ಮುಚ್ಚಿದಂತೆ, ಆಮೇಲೆ ಊರಿಗೆ ಉಪ್ಪಿಲ್ಲ. ಆಳು ಸಾಲದೆ ವಸ್ತಾದನೂ ಹೊರಟ. ಉಪ್ಪು ಹೇರಿಕೊಂಡು ಮರಳುವಾಗ ಮುಂದಿನೆತ್ತಿನ ಮೂಗುದಾರದ ಹಗ್ಗ ಎರ್ರಿಸ್ವಾಮಿಯ ಕೈಲಿ. ಕಣಿವೆ ಇಕ್ಕಟ್ಟು, ಒಂದು ಮಗ್ಗುಲು ಕಮರಿ. ಎತ್ತುಗಳು ಬೆಳಗಿನಿಂದ ಕಿವಿ ನಿಮಿರಿಸುತ್ತಿದ್ದವು, ಮೂಗು ಅರಳಿಸುತ್ತಿದ್ದವು, ನಿಂತಲ್ಲಿ ನಿಲ್ಲುತ್ತಿರಲಿಲ್ಲ.

ಬಂಡೆಯ ಮರೆಯಿಂದ ಕಳ್ಳರು ಬಿದ್ದರು. ಎರ್ರಿಸ್ವಾಮಿ ಹಗ್ಗ ಬಿಟ್ಟು ಎರಡೂ ಕೈಯಲ್ಲಿ ದೊಣ್ಣೆ ಹಿಡಿದ. ಇಬ್ಬರನ್ನು ಕೆಡವಿದ, ನಿಜ. ಆದರೆ ಕಳ್ಳರಿಗೆ ಬೇಕಾಗಿದ್ದೇ ಆ ಬಿಟ್ಟ ಹಗ್ಗ. ಮುಂದಿನೆತ್ತು ಬೆದರಿ ತಿರುಗಿತು. ಅದು ಹೋದತ್ತಲೇ ಹಿಂಡು. ಒಂದೆತ್ತು ಹೇರಿನ ಸಮೇತ ಕಮರಿಗೆ ಬಿತ್ತು.

ಮುದುಕ ವಸ್ತಾದ ಹಿಂದಿನಿಂದ ಓಡಿಬಂದು ಎಡಗೈಲಿ ಹಗ್ಗ ಹಿಡಿದ. ಎಳೆತಕ್ಕೆ ಮುಷ್ಟಿ ತಾನಾಗಿ ಸೊಂಟದ ಹಿಂದೆ ಹೋಗಿ ಕೂತಿತು. ಬಲಗೈಯಲ್ಲಿ ದೊಣ್ಣೆ, ಬೆನ್ನ ಹಿಂದೆ ಎತ್ತು, ಮುಂದೆ ದಾರಿ. ಅವತ್ತು ಅವನಿಗೆ ತನ್ನಪ್ಪನ ವರಸೆ ತಿಳಿಯಿತು ಅಂತಾರೆ. ಒಂದು ಹೊಡೆತ, ಒಂದು ಹೆಜ್ಜೆ. ಒಂದು ಹೊಡೆತ, ಒಂದು ಹೆಜ್ಜೆ. ಹಿಂಡು ಅವನ ಬೆನ್ನು ಹಿಡಿಯಿತು.

ಎರ್ರಿಸ್ವಾಮಿ ಇನ್ನೂ ಒಬ್ಬನನ್ನು ಅಟ್ಟಿಸಿಕೊಂಡು ಹೊರಟಿದ್ದ. ವಸ್ತಾದ ಕೂಗಿದ:

"ಏ ಎರ್ರಿ, ಬಾರಲೇ ಇತ್ತ! ಅವನ ತಲಿ ಒಡದ್ರ ಉಪ್ಪು ಸುರೀತೈತೇನು? ದಾರಿ ಬಿಡಸು!"

ಎರ್ರಿಸ್ವಾಮಿ ತಿರುಗಿ ಬಂದು ದಾರಿ ಬಿಡಿಸಿದ. ಊರು ಮುಟ್ಟಿದರೂ ವಸ್ತಾದನ ಮುಷ್ಟಿ ಬಿಚ್ಚಲಿಲ್ಲ. ಹಗ್ಗವನ್ನೇ ಕೊಯ್ದು ತೆಗೆದರು. ಆ ಬೆರಳು ಸಾಯುವ ತನಕ ನೆಟ್ಟಗಾಗಲಿಲ್ಲವಂತೆ.

ಈಗ ಹೇರೂ ಇಲ್ಲ, ಎತ್ತೂ ಇಲ್ಲ. ಆದರೂ ಆ ಗರಡಿಯಲ್ಲಿ ವರಸೆ ಕಲಿಯುವವನ ಎಡಗೈಗೆ ಹಗ್ಗ ಕೊಡುತ್ತಾರೆ. ಹಿಂದೆ ಒಬ್ಬ ಬೆದರಿದೆತ್ತಿನಂತೆ ಜಗ್ಗುತ್ತಾನೆ. ಎಷ್ಟು ಜನರನ್ನು ಹೊಡೆದರೂ ಸರಿ, ಹಗ್ಗ ಬಿಟ್ಟವನು ಸೋತ. ಮೊದಲು ಎತ್ತಾಗಿ ನಿಂತವನು ಎರ್ರಿಸ್ವಾಮಿಯೇ ಅಂತಾರೆ.

ನಮ್ಮ ಅಂಗಡಿ ಸಾಲಿನಲ್ಲಿ ಉಪ್ಪಿನ ಮೂಟೆ ಬಿಚ್ಚಿದರೆ ಮೊದಲ ಹಿಡಿ ಎಡಗೈಲೇ ತೆಗೆಯುತ್ತೇವೆ. ಪರವೂರಿನವರು ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ. ಈ ಊರಿಗೆ ಉಪ್ಪು ತಂದದ್ದು ಆ ಕೈ.