ನಿಂತೇ ನಿದ್ದೆ ಮಾಡಿದವರು

ಅಮೆರಿಕದ ಕಾಡಿನ ಸಭೆ ಒಂದು ಅಳಿಲುಮರಿಯನ್ನು ಕೊಂದಿತು. ಮದ್ದಿನ ಗಿಡದ ಸುತ್ತಲಿನ ಬೇಲಿ ಕೀಳಲು ಅಂದು ಮತದಾನವಿತ್ತು. ಜ್ವರದಿಂದ ಸುಡುತ್ತಿದ್ದ ಮರಿಯನ್ನು ಎದೆಗವಚಿಕೊಂಡು ತಾಯಿ ಅಳಿಲು ಕಾದು ಕೂತಿತ್ತು. ಮಾತಿಗೆ ನಿಂತವರು ಕೂರುವ ತನಕ ಮತ ಹಾಕುವಂತಿಲ್ಲ ಎಂಬುದು ಸಭೆಯ ನಿಯಮ. ಬೇಲಿ ಬೇಕೆಂದು ವಾದಿಸಲು ನಿಂತ ಆನೆ ನಿಂತಲ್ಲೇ ಗೊರಕೆ ಹೊಡೆಯತೊಡಗಿತು.

"ಸ್ವಾಮೀ, ಇವರು ನಿದ್ದೆ ಹೋಗಿದ್ದಾರೆ! ಮತಕ್ಕೆ ಹಾಕಿ," ಎಂದು ಅಳಿಲು ಅಧ್ಯಕ್ಷ ಕತ್ತೆಯ ಕಾಲು ಹಿಡಿಯಿತು.

"ಕೂತಿಲ್ಲವಲ್ಲ ತಾಯಿ! ನಾನು ನಿಮ್ಮ ಪರವೇ. ಆದರೆ ನಿಂತೇ ನಿದ್ದೆ ಮಾಡುವುದು ನನಗೂ ಅಭ್ಯಾಸ. ಈ ನಿಯಮ ನಾಳೆ ನನಗೂ ಬೇಕಲ್ಲ?"

ಮರಿ ತಣ್ಣಗಾಯಿತು. "ಸಂತಾಪ ಸೂಚಿಸಲು ಎಲ್ಲರೂ ಎದ್ದು ನಿಲ್ಲಿ," ಎಂದು ಕತ್ತೆ ಕೂಗಿತು.

ನೀವು ಮೌನವಾಗಿ ನಿಲ್ಲಬೇಡಿ. ಬರುವ ಚುನಾವಣೆಯಲ್ಲಿ ಆನೆ ಗುರುತಿನ ಪಕ್ಷ, ಕತ್ತೆ ಗುರುತಿನ ಪಕ್ಷ ಎರಡನ್ನೂ ಮನೆಗೆ ಕಳಿಸಿ.