ನಾಯಿಯ ಪಂಕ್ತಿಗೆ ಹುರಿದ ಹುರುಳಿ

ಈ ಪ್ರಸಂಗವನ್ನು ನನಗೆ ಮೊದಲು ಹೇಳಿದವರು ನಮ್ಮ ಸೋದರಮಾವ ಗುರುಶಾಂತಯ್ಯನವರು.

ಒಂದೂರಲ್ಲಿ ಒಬ್ಬ ಧಣಿ. ಕಣದ ಆಳುಗಳು ಮಧ್ಯಾಹ್ನ ಕೂತು ಹುರಿದ ಹುರುಳಿ ಅಗಿಯುವುದನ್ನು ಕಂಡರೆ ಅವನಿಗೆ ಸಿಟ್ಟು.

"ಎತ್ತಿನ ಹಾಗೆ ಎಷ್ಟು ಹೊತ್ತು ಮೆಲ್ತೀರೋ? ಹಾಲು ಅನ್ನ ಇಟ್ಟರೆ ನನ್ನ ನಾಯಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುತ್ತೆ. ನಾಳೆಯಿಂದ ಅದನ್ನೂ ಇಲ್ಲೇ ಕೂರಿಸ್ತೀನಿ. ಅದರ ಊಟ ಮುಗಿದಾಗ ನೀವೂ ಏಳಬೇಕು. ಏಳದವನಿಗೆ ನನ್ನ ಕಣದಲ್ಲಿ ಕೆಲಸವಿಲ್ಲ!"

ಆಳುಗಳ ಮುಖ ಬಾಡಿತು. ಅರೆಹೊಟ್ಟೆಯಲ್ಲಿ ಸಂಜೆತನಕ ತೆನೆ ಬಡಿಯುವುದು ಹೇಗೆ?

ಅವರಲ್ಲೊಬ್ಬ ಕೈಮುಗಿದ. "ಆಗಲಿ ಧಣಿ. ಆದರೆ ಒಟ್ಟಿಗೆ ಕೂತ ಮೇಲೆ ಪಂಕ್ತಿಭೇದ ಮಾಡಿದರೆ ಪಾಪ ಬರುತ್ತೆ. ಎಲ್ಲರಿಗೂ ಒಂದೇ ಊಟ ಬಡಿಸಿ."

ಧಣಿ ಪಾಪಕ್ಕೆ ಹೆದರುವವನು. ಒಪ್ಪಿದ.

ಮರುದಿನ ನಾಯಿಯ ಮುಂದೆಯೂ ಹುರುಳಿ ಬಿತ್ತು. ನಾಯಿಯ ದವಡೆ ಕತ್ತರಿಯ ಹಾಗೆ ಮೇಲೆ ಕೆಳಗೆ ಆಡುತ್ತದೆಯೇ ಹೊರತು, ಎತ್ತಿನ ದವಡೆಯಂತೆ ಬೀಸುಕಲ್ಲಾಗಿ ಅಡ್ಡಡ್ಡ ತಿರುಗುವುದಿಲ್ಲ. ಅದು ಕಟಕಟ ಕಚ್ಚಿತು. ಕಾಳು ಬಾಯಿಯ ಪಕ್ಕದಿಂದ ಉದುರಿತು. ಮತ್ತೆ ಹೆಕ್ಕಿತು, ಮತ್ತೆ ಉದುರಿತು. ಆಳುಗಳು ಹೊಟ್ಟೆ ತುಂಬ ತಿಂದು, ನೀರು ಕುಡಿದು, ಕೂತೇ ಇದ್ದರು.

"ಏಳ್ರೋ!" ಎಂದ ಧಣಿ.

"ನಾಯಿರಾಯರ ಊಟ ಇನ್ನೂ ಮುಗಿದಿಲ್ಲವಲ್ಲ ಧಣಿ!"

ಬಿಸಿಲು ಇಳಿಯತೊಡಗಿತು. ಧಣಿ ತಡೆಯಲಾರದೆ ಮನೆಯ ಕಡೆ ಕೂಗಿದ: "ಈ ನಾಯಿಗೆ ಹಾಲು ಅನ್ನ ತನ್ನಿ!"

ನಿನ್ನೆ ಕೈಮುಗಿದಿದ್ದ ಆಳು ತನ್ನ ಊಟದ ಎಲೆಯನ್ನು ಮುಂದೆ ಸರಿಸಿದ. "ಹಾಗಾದರೆ ನಮಗೂ ಬಡಿಸಬೇಕಾಗುತ್ತೆ ಧಣಿ. ಪಂಕ್ತಿಭೇದ ಆಗಬಾರದು."

ಧಣಿ ಆ ಉದ್ದದ ಸಾಲನ್ನೊಮ್ಮೆ ನೋಡಿ ನಕ್ಕೇಬಿಟ್ಟ. "ಬೇಡಪ್ಪಾ! ನಾಯಿ ಮನೇಲೇ ಉಣ್ಣಲಿ. ನೀವು ನಿಧಾನವಾಗಿ ಅಗಿದು ಏಳಿ."

ಕಣವೆಲ್ಲ ನೆಮ್ಮದಿಯ ಉಸಿರು ಬಿಟ್ಟಿತು.

ನೀವೂ ಇದನ್ನು ನಾಲ್ಕು ಜನರಿಗೆ ಹೇಳಿ. ಅವರು ಉಣ್ಣುತ್ತಿರುವಾಗ ಮಾತ್ರ ಬೇಡ, ನಕ್ಕು ನೆತ್ತಿಗೆ ಹತ್ತೀತು.